ಬೈಯದ ಅತ್ತೆ

ಗಿರಾಕಿಯ ರೇಷ್ಮೆ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಕಂದುಬಣ್ಣದಲ್ಲಿ ಅಚ್ಚೊತ್ತಿಬಿಟ್ಟಿತ್ತು!

ಸೊಸೆ ಪೆಟ್ಟಿಗೆಯನ್ನು ಸರಕ್ಕನೆ ಎತ್ತಿಟ್ಟಳು. ಮುಂಗೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಸುಟ್ಟ ವಾಸನೆ ಹಿಡಿದು ಬಂದ ಅತ್ತೆ ಅಂಗಿಯನ್ನು ನೋಡಿದರು, ಸೊಸೆಯನ್ನು ನೋಡಿದರು... ತುಟಿ ಅಲುಗಿತು, ಮಾತು ಬರಲಿಲ್ಲ. ಮುಖ ತಿರುಗಿಸಿ ಹೊರಟೇಹೋದರು!

ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಈ ಟೈಲರ್ ಅತ್ತೆಯ ಬಾಯಿ ಒಂದು ಗಳಿಗೆಯೂ ಸುಮ್ಮನಿದ್ದದ್ದಿಲ್ಲ. "ಇದೇನು ಗುಂಡಿಗೆ ಕಾಜಾ ಹೊಲಿದದ್ದೋ, ಇಲಿ ಕಡಿದದ್ದೋ?" "ಓದಿದ ಹುಡುಗಿ ಅಂತ ಮನೆಗೆ ತಂದ್ಕೊಂಡೆ, ಸೂಜಿಗೆ ತಲೆ ಯಾವುದು ಬಾಲ ಯಾವುದು ಗೊತ್ತಿಲ್ಲ!" ಹೀಗೆ ಬೈದುಕೊಂಡೇ ಕಾಜಾ ಬಿಚ್ಚಿ, ಪಕ್ಕದಲ್ಲಿ ಕೂರಿಸಿಕೊಂಡು, ಬೆರಳು ಹಿಡಿದು ಹೊಲಿಸುತ್ತಿದ್ದರು. ತಾಯಿಯಿಲ್ಲದೆ ಬೆಳೆದವಳು ಆ ಬೈಗುಳದೊಳಗೆ ಬೆಚ್ಚಗೆ ಸೇರಿಕೊಂಡಿದ್ದಳು. ಈಚೆಗೆ ಮಾತ್ರ ಅತ್ತೆ ಮಾತು ಬಿಟ್ಟಿದ್ದರು. ಊಟಕ್ಕೆ ಕರೆದರೆ ಬರೀ ತಲೆಯಾಡಿಸುವುದು, ಎದುರು ಸಿಕ್ಕರೆ ಸರಸರನೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುವುದು...

"ಅಮ್ಮ ಬೈದ್ರೆ ಏನೂ ಇಲ್ಲ. ಬೈಯದೆ ಇದ್ರೆ ಮನಸ್ಸಿಂದ ತೆಗೆದುಹಾಕಿದ್ಲು ಅಂತಲೇ ಅರ್ಥ," ಎಂದು ಗಂಡ ತಮಾಷೆಗೆ ಹೇಳಿದ. ಅವಳಿಗೆ ನಗು ಬರಲಿಲ್ಲ. ಅಕ್ಕನ ಮನೆಗೆ ಹೋಗಿಬಿಡುವುದೆಂದು ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿದಳು.

ಹೇಳಿಹೋಗಲೆಂದು ಮುಂಗೋಣೆಗೆ ಬಂದವಳು ಪರದೆಯ ಬಳಿಯೇ ನಿಂತಳು. ಅತ್ತೆ ದಾರದ ತುದಿಯನ್ನು ತುಟಿಗಿಟ್ಟು ಎಳೆದರು. ಒದ್ದೆಯಾಗಲಿಲ್ಲ. ಮತ್ತೆ ಇಟ್ಟರು. ಎಳೆ ಬಿಚ್ಚಿಕೊಂಡ ದಾರ ಸೂಜಿಗೆ ಸೇರದೆ ಬಾಗಿತು. ಅಂಥ ಗಟ್ಟಿಗಿತ್ತಿ, ದಾರ ಹಿಡಿದುಕೊಂಡೇ ಅಳುತ್ತಿದ್ದರು!

"ಅತ್ತೆ! ಏನಾಯ್ತು?"

"ಬಾಯಿ ಒಣಗಿ... ನಾಲಿಗೆ ಅಂಟ್ಕೊಂಡಿದೆ ಕಣೇ..."

"ಇರಿ, ನೀರು ತರ್ತೀನಿ."

"ಬೇಡ! ನೀರು ಮಾತ್ರ ಬೇಡ!"

ಕೈ ಹಿಡಿದು ಕೂತ ಮೇಲೆ ಒಂದೊಂದೇ ಮಾತು ಹೊರಬಂತು. ಅವಸರವಾಯಿತೆಂದರೆ ಬಚ್ಚಲು ಮುಟ್ಟುವಷ್ಟರಲ್ಲೇ ಬಟ್ಟೆ ಒದ್ದೆ. ಒಮ್ಮೆ ಗಿರಾಕಿಯ ಅಳತೆ ತೆಗೆಯುತ್ತಿರುವಾಗಲೇ ಆಗಿಹೋಗಿತ್ತು. ಯಾರಿಗೂ ಹೇಳದೆ ಡಾಕ್ಟರಮ್ಮನ ಬಳಿ ಹೋಗಿ, ಮೂತ್ರಕೋಶದ ಅವಸರ ತಗ್ಗಿಸುವ ಮಾತ್ರೆ ತಂದಿದ್ದರು. ದಿನಕ್ಕೊಂದು ಸಾಲದೆಂದು ತಾವೇ ಎರಡು ಮಾಡಿಕೊಂಡು, ಸಾಲದ್ದಕ್ಕೆ ನೀರು ಕುಡಿಯುವುದನ್ನೂ ಬಿಟ್ಟಿದ್ದರು.

"ಅಂದ್ರೆ... ನನ್ನ ಮೇಲೆ ಕೋಪ ಅಲ್ವಾ?"

"ಆ ಅಂಗಿ ನೋಡಿ ಎಷ್ಟು ಬೈಯೋಣ ಅನ್ನಿಸ್ತು ಗೊತ್ತಾ! ನಾಲಿಗೆ ಏಳಲೇ ಇಲ್ಲ..."

ಸೊಸೆ ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತಳೋ ನಕ್ಕಳೋ, ಅವಳಿಗೇ ತಿಳಿಯಲಿಲ್ಲ.

ಮರುದಿನ ಇಬ್ಬರೂ ಡಾಕ್ಟರಮ್ಮನ ಮುಂದೆ ಕೂತರು. "ಈ ಮಾತ್ರೆ ಒಂದಕ್ಕೇ ಬಾಯಿ ಒಣಗುತ್ತೆ. ಎರಡು ನುಂಗಿದ್ರೆ ಕೇಳ್ಬೇಕಾ?" ಎಂದು ಗದರಿ, ಬೇರೆ ಬಗೆಯ ಔಷಧಿ ಬರೆದುಕೊಟ್ಟರು. ಅದನ್ನು ನುಂಗುವಾಗ ರಕ್ತದೊತ್ತಡ ನೋಡಿಸಿಕೊಳ್ಳುತ್ತಿರಬೇಕು, ನೀರು ಬಿಡಬಾರದು. "ಗುಣ ಕಾಣೋಕೆ ಕೆಲವು ವಾರ ಹಿಡಿಯುತ್ತೆ ಅಮ್ಮ. ಪೂರ್ತಿ ನಿಲ್ಲುತ್ತೆ ಅಂತ ಮಾತು ಕೊಡಲ್ಲ."

"ಅಲ್ಲೀವರೆಗೆ... ಒದ್ದೆಯಾದ್ರೆ?" ಅತ್ತೆಯ ದನಿ ಇಂಗಿತು.

"ಒಗೆಯೋಕೆ ನಾನಿಲ್ವಾ?" ಎಂದಳು ಸೊಸೆ.

ಅತ್ತೆ ನೀರು ಗುಟುಕರಿಸಿ ಗಂಟಲು ಸರಿಮಾಡಿಕೊಂಡರು. "ನೀನಾ? ಸೋಪು ಹಾಗೇ ಸವರಿ ಹಿಂಡಿಬಿಡೋಳು! ಕೊಳೆ ಇದ್ದಲ್ಲೇ ಇರುತ್ತೆ. ನನ್ನದು ನಾನೇ ಒಗ್ಕೋತೀನಿ."

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಮನೆಗೆ ಬಂದ ಸೊಸೆ ಚೀಲ ಬಿಚ್ಚಿ, ಬಟ್ಟೆಯನ್ನೆಲ್ಲ ಬೀರುವಿಗೆ ಸೇರಿಸಿದಳು.

ಅದೇ ವಾರ ಒಂದು ಬೆಳಗ್ಗೆ ಬಚ್ಚಲ ಬಾಗಿಲು ಒಂದಿಷ್ಟೇ ತೆರೆಯಿತು. "ಏ ಹುಡುಗಿ... ಇದೀಯಾ?"

ಸಂದಿಯಿಂದ ಒದ್ದೆ ಬಟ್ಟೆ ಹಿಡಿದ ಕೈಯೊಂದು ಹೊರಬಂತು.

"ಮಗನಿಗೆ ಗೊತ್ತಾಗೋದು ಬೇಡ..."

"ಇಲ್ಲ ಅತ್ತೆ, ಕೊಡಿ."

ಅವಳು ಬಟ್ಟೆ ತೆಗೆದುಕೊಂಡಳು. ಆದರೂ ಕೈ ಒಳಕ್ಕೆ ಸರಿಯಲಿಲ್ಲ. ತಡವರಿಸುತ್ತಾ ಅವಳ ಕೆನ್ನೆಯನ್ನು ಹುಡುಕಿ, ಮೆಲ್ಲಗೆ ಸವರಿತು.