ನೇವರಿಸು ಅಂದ್ರೇನು?

ಬಹಳ ಹಿಂದೆ, ಎಷ್ಟು ಹಿಂದೆ ಅಂದ್ರೆ ಬೆಟ್ಟಗಳೆಲ್ಲ ಇನ್ನೂ ಅಂಬೆಗಾಲಿಡ್ತಿದ್ದಾಗ, ಮಸಿಗಿರಿ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಕರಿನಾಲಿಗೆ ಅನ್ನೋ ಮಾಂತ್ರಿಕ ಇದ್ದ. ಏನ್ ಮಾಡ್ದ ಗೊತ್ತಾ ಅವನು? ಜನರ ತಲೆಯಿಂದ 'ನೇವರಿಸು' ಅನ್ನೋ ಮಾತಿನ ಅರ್ಥಾನೇ ಕದ್ದುಬಿಟ್ಟ! ನಿಘಂಟು ತೆಗೆದ್ರೆ ಆ ಜಾಗ ಬೆಳ್ಳಗೆ, ಮುಟ್ಟಿದ್ರೆ ಹೆಣದ ಹಾಗೆ ತಣ್ಣಗೆ!

ಆಮೇಲೆ ಕೋಟೆ ಬಾಗಿಲಿಗೆ ಒಂದು ತೋಳ ಕೂರಿಸ್ದ. ಆನೆಯಷ್ಟು ದೊಡ್ಡದು. ಮೈಮೇಲೆ ಕೂದಲಲ್ಲ, ಸೂಜಿ! ದಿನಾ ನಡುಮಧ್ಯಾಹ್ನ ಒಬ್ಬೊಬ್ಬರನ್ನೇ ಕರೆಯೋದು. "ಬಾ, ನನ್ನ ನೇವರಿಸು." ಅಡುಗೆಭಟ್ಟ ಊಟ ಬಡಿಸ್ದ, ಕಲ್ಲಾದ. ಸೇನಾಪತಿ ಕತ್ತಿ ಬೀಸ್ದ, ಕಲ್ಲಾದ. ಆಸ್ಥಾನದ ಗಾಯಕ ಹೊಗಳಿ ಹಾಡ್ದ, ಬಾಯಿ ತೆಗೆದ ಹಾಗೇ ಕಲ್ಲಾದ!

ಒಂದಿನ ತೋಳ ಕೂಗ್ತು, "ನಾಳೆ ಅಮೃತೆ!"

ಅವಳ ತಂಗಿ ಪಚ್ಚೆ ಓಡಿಬಂದು ಅಕ್ಕನ ಕೈ ಹಿಡ್ಕೊಂಡ್ಳು. ಅಪ್ಪ ಅಮ್ಮ ಇಲ್ಲ, ಇರೋದು ಅಕ್ಕ ಒಬ್ಬಳೇ!

"ಅಕ್ಕಾ, ಅಮ್ಮನ ಕಾದಂಬರಿ ಇದೆಯಲ್ಲ! ಆ ಮಾಂತ್ರಿಕ ಕತೆಗಿತೆ ಓದೋನಲ್ಲ, ಅದನ್ನ ಮುಟ್ಟಿರಲ್ಲ! ಆ ಮಾತನ್ನ ಹೇಗೆ ಬಳಸಿದಾರೆ ಅಂತ ಅದ್ರಲ್ಲಿ ನೋಡಿದ್ರೆ ಅರ್ಥ ಸಿಗುತ್ತೆ!"

"ಪ್ರಾಣ ಹೋಗೋವಾಗ್ಲೂ ಕಾದಂಬರಿನೇನೇ ನಿಂಗೆ?"

ಆರುನೂರು ಪುಟ! ಪಚ್ಚೆ ಓದಿದ್ಳು, ಓದಿದ್ಳು. ಒಂದು ಕಡೆ ಸಿಕ್ತು: 'ಬೆದರಿದ ಕರುವಿನ ಬೆನ್ನನ್ನು ನೇವರಿಸಿದ, ಅದರ ನಡುಕ ನಿಂತಿತು.' ಓಹೋ, ಹೆದರಿದೋರಿಗೆ ಮಾಡೋದು! ಇನ್ನೊಂದು ಕಡೆ: 'ಅವಳ ಅಂಗೈ ರೇಷ್ಮೆಯನ್ನು ನೇವರಿಸಿತು, ಒಂದು ಎಳೆಯೂ ಕೆಡಲಿಲ್ಲ.' ಅಂಗೈಲಿ, ಮೆತ್ತಗೆ! ಅಷ್ಟರಲ್ಲಿ ಮರುದಿನ ಮಧ್ಯಾಹ್ನ ಆಗೇಬಿಡ್ತು.

"ಉಳಿದಿದ್ದು ನೀನು ಓದು," ಅಂತ ಪುಸ್ತಕ ಅಕ್ಕನ ಕೈಗೆ ತುರುಕಿ, ಪಚ್ಚೆ ಅಕ್ಕನ ಬದಲು ತಾನೇ ತೋಳದ ಮುಂದೆ ನಿಂತ್ಳು. ಮೆತ್ತಗೆ ಅಂಗೈ ಇಟ್ಳು.

ತೋಳ ನೋಡ್ತು. ಅವಳ ಬೆರಳ ತುದಿ ಬೂದಿಬಣ್ಣಕ್ಕೆ ತಿರುಗ್ತು. ಉಗುರು ಕಲ್ಲು! ಬೆರಳು ಕಲ್ಲು!

"ಬೇಗ ಓದೇ ಅಕ್ಕಾ!"

"ಸಿಕ್ತು, ಸಿಕ್ತು! 'ತಾಯಿಯ ಕೈ ಮಗುವಿನ ತಲೆಯನ್ನು ನೇವರಿಸುತ್ತ ನೇವರಿಸುತ್ತ ಹಣೆಯಿಂದ ಹಿಂದಲೆಗೆ ಜಾರುತ್ತಿತ್ತು.' ಕೈ ಆಡಿಸೇ, ಆಡಿಸು!"

ಇಟ್ಟಲ್ಲೇ ಇಡೋದಲ್ಲ! ಪಚ್ಚೆ ಆ ಕಲ್ಲುಬೆರಳನ್ನೇ ಎಳೆದ್ಳು, ತೋಳದ ಹಣೆಯಿಂದ ಬೆನ್ನಿಗೆ. ಒಂದು ಸಲ. ಇನ್ನೊಂದು ಸಲ. ಮೂರನೇ ಸಲಕ್ಕೆ ಸೂಜಿಗಳೆಲ್ಲ ಒಂದೊಂದಾಗಿ ಮಲಗಿ, ತುಪ್ಪಳ ಆದ್ವು. ಅಷ್ಟು ದೊಡ್ಡ ತೋಳಾನೂ ಹೆದರಿ ಗಡಗಡ ನಡುಗ್ತಿತ್ತು ಕಣ್ರೀ! ನಡುಕ ನಿಂತು, ಕಣ್ಣು ಮುಚ್ಚಿ, ಬಾಯಿ ತೆಗೀತು. ಒಳಗಿಂದ, ಕದ್ದಿಟ್ಟಿದ್ದ ಆ ಅರ್ಥಾನೇ ಬೆಚ್ಚನೆ ಗಾಳಿಯಾಗಿ ಹೊರಟು ಊರೆಲ್ಲ ಹರಡ್ತು. ಗೋಪುರದಲ್ಲಿದ್ದ ಕರಿನಾಲಿಗೆಗೆ ಅದು ತಾಕಿದ್ದೇ ತಡ, ಅವನು ಒಣಗಿ ಒಣಗಿ ಹಿಡಿ ಮಸಿ ಆಗಿ ಉದುರಿಹೋದ.

ಕಲ್ಲುಗಳೆಲ್ಲ ಆಕಳಿಸಿ ಎದ್ವು. ಪಚ್ಚೆ ಬೆರಳೂ ಬೆಚ್ಚಗಾದ್ವು.

"ಹುಚ್ಚಿ, ಕೈ ಹೋಗಿದ್ರೆ ಏನ್ ಮಾಡ್ತಿದ್ದೆ?" ಅಕ್ಕ ಬೈತಾನೇ ಇದ್ಳು. ಬೈತಾ ಬೈತಾ ಅವಳ ಕೈ ತಂಗಿ ತಲೆ ಮೇಲೆ ಓಡಾಡ್ತಾನೇ ಇತ್ತು. ಅವತ್ತಿಂದ ಮಸಿಗಿರೀಲಿ ಯಾರೂ ಹೆದರ್ಕೊಂಡು ಒಬ್ಬರೇ ಕೂರಲಿಲ್ಲ.