ಆಳಂದದ ತಂಬಿಗೆ ಅಚ್ಚು

ಅಚ್ಚು ಇರಲಿಲ್ಲ.

ಎಣ್ಣೆ ಸವರಿ ಹಲಗೆಯ ಮೇಲೆ ಇಟ್ಟಿದ್ದ ಉಕ್ಕಿನ ಅಚ್ಚು. ಬೆಳಿಗ್ಗೆ ಬಾಗಿಲು ತೆಗೆದರೆ ದುಂಡನೆಯ ಎಣ್ಣೆ ಕಲೆಯೊಂದೇ ಉಳಿದಿತ್ತು. ಹತಾರಗಳನ್ನು ಪೂಜಿಸುವ ಖಂಡೆ ಪೂಜೆ ಮರುದಿನವೇ.

ಸಬ್ ಇನ್ಸ್‌ಪೆಕ್ಟರ್ ಅಣ್ಣಾರಾಯ ಕಲೆಯ ಮೇಲೆ ಬೆರಳಾಡಿಸಿದ.

"ತೂಕ ಎಷ್ಟಿತ್ರಿ, ದೌಲತರಾಯರ?"

"ಒಂದು ತುಂಬಿದ ಕೊಡದಷ್ಟು," ಅಂದ ಮಾಲೀಕ ದೌಲತರಾಯ. "ತೂಕಾ ತಗೊಂಡು ಏನ್ ಮಾಡ್ತೀರಿ ಸಾಹೇಬ್ರ? ಅದು ಹೋದ್ರ ಫ್ಯಾಕ್ಟ್ರಿ ಜೀವಾನೇ ಹೋದಂಗ!"

ಅದು ಅಣ್ಣಾರಾಯನಿಗೆ ಹೇಳಿಕೊಡಬೇಕಾದ ಮಾತಲ್ಲ. ೧೯೮೩ರ ಆಳಂದವನ್ನು ಕಂಡವರೇ ಬಲ್ಲರು. ಊರು ಗಡಿಯಾರ ನೋಡುತ್ತಿರಲಿಲ್ಲ, ಸ್ಟೀಲ್ ಫ್ಯಾಕ್ಟರಿಯ ಭೋಂಗಾದ ಕೂಗು ಕೇಳುತ್ತಿತ್ತು. ಒಂದು ಭೋಂಗಾಕ್ಕೆ ಚಹಾದಂಗಡಿಯ ಒಲೆ ಹೊತ್ತಬೇಕು, ಇನ್ನೊಂದಕ್ಕೆ ಮಕ್ಕಳು ಸಾಲೆಗೆ ಓಡಬೇಕು. ಸೇಲಂನಿಂದ ಬಂದ ತಗಡು ಇಲ್ಲಿ ತಂಬಿಗೆಯಾಗಿ ಹೊರಡುತ್ತಿತ್ತು. ಅಫಜಲಪುರ, ಜೇವರ್ಗಿ ಕಡೆ ಆಳಂದದ ತಂಬಿಗೆ ಇಲ್ಲದೆ ಮದುಮಗಳು ಅತ್ತೆಮನೆಗೆ ಹೋದರೆ ಬೀಗರು ಮೂಗು ಮುರಿಯುತ್ತಿದ್ದರು. ಕರಜಗಿಯಲ್ಲಿ ಅಣ್ಣಾರಾಯನ ಅವ್ವ ನೀರು ಕುಡಿಯುತ್ತಿದ್ದುದೂ ಅದರಲ್ಲೇ. ಹಳೆಯ ಹಿತ್ತಾಳೆ ತಂಬಿಗೆಯದೇ ಕುತ್ತಿಗೆ, ಅದೇ ಹೊಟ್ಟೆ. ದೌಲತರಾಯನ ತೀರಿಹೋದ ಅಪ್ಪ, ತನ್ನ ಹೆಂಡತಿ ಗುರುಶಾಂತಮ್ಮ ತವರಿನಿಂದ ತಂದ ತಂಬಿಗೆಯನ್ನೇ ಎದುರಿಗಿಟ್ಟುಕೊಂಡು ಆ ಅಚ್ಚು ಕೊರೆಸಿದ್ದ.

"ಕೊನೀಗಿ ಮುಟ್ಟಿದವ್ರು ಯಾರು?"

"ಪಾಲಿಶ್ ಮಾಡೋ ಖುರ್ಷಿದ. ನಿನ್ನೆ ಮುಂಜಾನಿ ಮಷೀನು ಬಂದ್ ಮಾಡಿ, ಹಬ್ಬಕ್ಕಂತ ಅವನೇ ಒರೆಸಿ ಇಟ್ಟಾನ. ಮೊನ್ನೆ ನನ್ನ ಎದುರಿಗೇ, 'ಮಷೀನು ಹೆಂಗ ಹೋಗ್ತಾವ ನೋಡ್ತೀನಿ' ಅಂತ ಒದರ್ಯಾನ."

"ಮಷೀನು ಎಲ್ಲಿಗಿ ಹೋಗಾಕತ್ತಾವ?"

ದೌಲತರಾಯ ತಡವರಿಸಿದ. "ಹೈದರಾಬಾದಿನವ್ರಿಗೆ ಮಾತು ಕೊಟ್ಟೀನಿ. ದಸರಾ ಮರುದಿನ ಲಾರಿ ಬರ್ತದ. ಅಚ್ಚು ಇಲ್ಲಂದ್ರ ಅವ್ರು ಮಷೀನು ಮುಟ್ಟಂಗಿಲ್ರಿ."

ಅಣ್ಣಾರಾಯ ಸುತ್ತ ನೋಡಿದ. ಕೆಲಸಗಾರರೆಲ್ಲ ತಲೆ ತಗ್ಗಿಸಿ ನಿಂತಿದ್ದರು. ಲಾರಿ ಹೋಯಿತೆಂದರೆ ಇವರ ಒಲೆಗಳೂ ಅದರ ಬೆನ್ನಿಗೇ ಹೋದಂತೆ.

* * *

ಖುರ್ಷಿದನನ್ನು ಠಾಣೆಗೆ ತಂದರು. ಗಟ್ಟಿ ಆಳು, ಕಣ್ಣು ಮಾತ್ರ ಕೆಂಪಾಗಿದ್ದವು.

"ಒದರಿದ್ದು ಖರೆ ಸಾಬ್. ತಗೊಂಡಿಲ್ಲ. ಅದು ನನ್ನ ಕೈಯಾಗ ಬೆಳದ ಅಚ್ಚು, ಕಳವು ಮಾಡ್ತೀನೇನ್ರಿ?"

ಅವನ ಮನೆಯ ಮೂಲೆಮೂಲೆಯನ್ನೂ ಜಡತಿ ಮಾಡಿದರು. ಗುಜರಿ ಅಂಗಡಿಗಳನ್ನೂ ಬಿಡಲಿಲ್ಲ. ಏನೂ ಸಿಗಲಿಲ್ಲ.

ಗೇಟಿನ ಕಾವಲುಗಾರ ಹುಲೆಪ್ಪ ಆಣೆ ಮಾಡಿದ. "ಹೊರಗಿನವ್ರು ಒಬ್ರೂ ಬಂದಿಲ್ರಿ. ಕೆಲಸದವ್ರನ್ನ ತಡವಿ ನೋಡೇ ಬಿಟ್ಟೀನಿ."

"ಬ್ಯಾರೆ ಯಾರ್ ಹೋದ್ರು?"

"ಆಯಿ ಒಬ್ರೇರಿ. ನಿನ್ನೆನೂ ದಿನದಂಗ ನಮಗ ರೊಟ್ಟಿ ತಂದಿದ್ರು. ಎಲ್ಲಾರೂ ಬೇವಿನ ಗಿಡದ ಕೆಳಗ ಉಣ್ಣಾಕತ್ತಿದ್ವಿ. ಬುಟ್ಟಿ ತಲಿಮ್ಯಾಲ ಇಟಕೊಂಡು ಹೋದ್ರು. ಗೇಟಿನ್ಯಾಗ ಬುಟ್ಟಿ ಕೆಳಗಿನ ಬಟ್ಟಿ ಸಿಂಬಿ ಜಾರಿತ್ತು, ಸರಿ ಮಾಡ್ಕೊಂಡ್ರು, ಪಾಪ."

ಆಯಿ ಅಂದರೆ ದೌಲತರಾಯನ ತಾಯಿ ಗುರುಶಾಂತಮ್ಮ. ಫ್ಯಾಕ್ಟರಿ ಶುರುವಾದ ದಿನದಿಂದ ಕೆಲಸಗಾರರಿಗೆ ಜೋಳದ ರೊಟ್ಟಿ ಹೊತ್ತು ತಂದವಳು. ಅಣ್ಣಾರಾಯ ಮಾತು ಮುಂದೆ ಬೆಳೆಸಲಿಲ್ಲ.

ಸಂಜೆ ಠಾಣೆಗೆ ರೊಟ್ಟಿ, ಪುಂಡಿಪಲ್ಯ ಬಂತು. ಖುರ್ಷಿದನಿಗೆ. ಕಳಿಸಿದ್ದು ಆಯಿ.

* * *

ಖಂಡೆ ಪೂಜೆಯ ದಿನ ಅಣ್ಣಾರಾಯ ಫ್ಯಾಕ್ಟರಿಗೆ ಹೋದ. ಸುತ್ತಿಗೆ, ಇಕ್ಕಳ, ಕತ್ತರಿ, ಎಲ್ಲಕ್ಕೂ ವಿಭೂತಿ, ಚೆಂಡು ಹೂವು. ಅಚ್ಚಿನ ಹಲಗೆ ಬೋಳಾಗಿತ್ತು. ಅದನ್ನು ಕಂಡು ಗಂಡಸರೇ ಕಣ್ಣು ಒರೆಸಿಕೊಂಡರು.

ಆಯಿ ಅಳಲಿಲ್ಲ. ಆ ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ.

"ಖುರ್ಷಿದ ಉಂಡನೇನಪ್ಪಾ ಸಾಹೇಬ?" ಅಂದಳು ಅಷ್ಟೇ.

ಪ್ರಸಾದ ಹಂಚಿ ಮುಗಿಯಿತು. ಆಯಿ ಬರಿದಾದ ಬುಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಯ ಹಾದಿ ಹಿಡಿದಳು. ಅಣ್ಣಾರಾಯ ನೋಡುತ್ತಲೇ ನಿಂತ. ಹುಲೆಪ್ಪನ ಮಾತು ತಟ್ಟನೆ ನೆನಪಾಯಿತು. ಅಯ್ಯೋ ಶಿವನೇ, ಅಂದುಕೊಂಡ. ಹುಟ್ಟಿದಾಗಿನಿಂದ ಬುಟ್ಟಿ ಹೊತ್ತ ಹೆಂಗಸರ ನಡುವೆ ಬೆಳೆದವನಿಗೆ ಇಷ್ಟು ಹೊಳೆಯಲಿಲ್ಲವಲ್ಲ!

* * *

ದಸರೆಯ ದಿನ ಬನ್ನಿ ಕೊಡುವ ನೆಪದಲ್ಲಿ ಅವನು ದೌಲತರಾಯನ ಮನೆಗೆ ಹೋದ. ತಾಯಿ, ಮಗ ಇಬ್ಬರೂ ಇದ್ದರು. ದೇವರ ಜಗಲಿಯ ಮೂಲೆಯಲ್ಲಿ ಹಳೆಯ ರುಮಾಲು ಹೊದಿಸಿದ ವಸ್ತುವೊಂದಿತ್ತು. ಅದರ ಮುಂದೆ ಒಡೆದ ತೆಂಗಿನಕಾಯಿ.

"ಆಯಿ, ಒಂದು ಮಾತು ಕೇಳ್ತೀನ್ರಿ. ಖಾಲಿ ಬುಟ್ಟಿಗಿ ಸಿಂಬಿ ಯಾಕ ಬೇಕಾತು?"

ಆಯಿ ಕೈಯೊಳಗಿನ ಆರತಿ ತಟ್ಟೆ ಕೆಳಗಿಟ್ಟಳು.

"ಏನ್ ಮಾತಾಡಾಕತ್ತೀರಿ ಸಾಹೇಬ್ರ?" ದೌಲತರಾಯ ಸಿಟ್ಟಾದ.

"ತಾಳ್ರಿ. ನಿನ್ನೆ ಬುಟ್ಟಿ ಬರಿದಾಗಿತ್ತು, ಆಯಿ ಕಂಕುಳಾಗ ಒಯ್ದ್ರು. ಅಚ್ಚು ಹೋದ ದಿನ ರೊಟ್ಟಿ ಖಾಲಿ ಆದಮ್ಯಾಲೂ ತಲಿಮ್ಯಾಲ ಹೊತ್ರು, ಅದೂ ಸಿಂಬಿ ಇಟ್ಟು. ಒಳಗ ಭಾರ ಇತ್ತು. ಎಲ್ಲಾರೂ ಉಣ್ಣಾಗ ಮಷೀನ್ ಕೋಣಿಗಿ ಹೋದ್ರ ಆಯಿನ್ನ ಕೇಳೋರ್ಯಾರು? ಬುಟ್ಟಿ ತಡವೋರ್ಯಾರು? ನಿನ್ನೆ ಪೂಜಿದಾಗ ಎಲ್ಲಾರೂ ಅತ್ರು, ಇವ್ರು ಅಳಲಿಲ್ಲ. ಕಳದಿದ್ರ ಅಲ್ಲ ಅಳೋದು? ಮ್ಯಾಲ ಖುರ್ಷಿದಗ ದಿನಾ ರೊಟ್ಟಿ. ಮನಸ್ಸು ಚುಚ್ಚಾಕತ್ತಿತ್ತು."

ಅಣ್ಣಾರಾಯ ರುಮಾಲು ಸರಿಸಿದ. ಮೂರು ಬೆರಳಿನ ವಿಭೂತಿ ಬಳಿದುಕೊಂಡು ಅಚ್ಚು ಕೂತಿತ್ತು.

"ಭಾವ್ಯಾಗ ಒಗದಿದ್ರ ನಮ್ಮಪ್ಪ ಬಂದ್ರೂ ಸಿಗ್ತಿರ್ಲಿಲ್ಲ. ಆದ್ರ ಖಂಡೆ ಪೂಜಿ ದಿನ ಗಂಡನ ಅಚ್ಚು ಉಪವಾಸ ಕೂಡಬಾರದಲ್ಲ."

ಆಯಿ ಜಗಲಿಗೆ ಒರಗಿ ಕೂತಳು.

"ಹೌದಪ್ಪಾ. ನನ್ನ ತವರಿನ ತಂಬಗಿ ಅದು. ಅದರಿಂದ ಇಷ್ಟು ಮನಿ ಉಣ್ಣಾಕತ್ತಾವ. ಇವಗ ಹೇಳಿ ಹೇಳಿ ಸಾಕಾತು, ಕೇಳಲಿಲ್ಲ. ನಾಳಿ ಒಂದ್ ದಿನ ತಡದ್ರ ಲಾರಿ ಹೊಳ್ಳಿ ಹೋಗ್ತದ, ಆಮ್ಯಾಲ ಖುರ್ಷಿದನ್ನ ಬಿಡಸಬೇಕು ಅನಕೊಂಡೆ. ಆ ಹುಡುಗಗ ಅನ್ಯಾಯ ಮಾಡಿದೆ. ನನ್ನನ್ನ ಒಯ್ರಿ."

ದೌಲತರಾಯ ಅಚ್ಚನ್ನೇ ನೋಡುತ್ತಿದ್ದ. ರುಮಾಲನ್ನು ಮತ್ತೆ ಅದರ ಮೇಲೆ ಹೊದಿಸಿದ.

"ನಂದ್ ಕಂಪ್ಲೇಂಟ್ ಇಲ್ರಿ ಸಾಹೇಬ್ರ. ಲಾರಿ ಬ್ಯಾಡ ಅಂತ ಈಗೇ ಫೋನ್ ಮಾಡ್ತೀನಿ."

* * *

ಆಯಿ ಬನ್ನಿ ಹಿಡಿದು ತಾನೇ ಠಾಣೆಗೆ ಬಂದಳು. ಖುರ್ಷಿದನ ಎದುರು ನಿಂತು ಎಲ್ಲ ಹೇಳಿದಳು. ಒಂದೂ ಮುಚ್ಚಿಡಲಿಲ್ಲ.

"ಬನ್ನಿ ತಗೋಪ್ಪಾ. ಬಂಗಾರದಂಗ ಇರೋಣು," ಅಂದು ಅವನ ಕಾಲಿಗೆ ಬಾಗಿದಳು. ದಸರೆಗೆ ಕಿರಿಯರು ಹಿರಿಯರ ಕಾಲು ಮುಟ್ಟಬೇಕು. ಇಡೀ ಠಾಣೆ ಎದ್ದು ನಿಂತಿತು.

ಖುರ್ಷಿದ ಗಬಕ್ಕನೆ ಅವಳ ಕೈ ಹಿಡಿದ. ಬನ್ನಿ ಮಾತ್ರ ತಗೊಳ್ಳಲಿಲ್ಲ.

"ಎರಡು ದಿನ ನಿಮ್ಮ ರೊಟ್ಟಿ ತಿಂದು, ಆಯಿಗಿ ಒಬ್ಬಾಕಿಗೇ ನನ್ನ ಮ್ಯಾಲ ನಂಬಿಕಿ ಅದ ಅಂತ ಅತ್ತೀನ್ರಿ," ಅಂದ.

ಆಯಿ ತಲೆ ಎತ್ತಲಿಲ್ಲ. ಅಣ್ಣಾರಾಯನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಖುರ್ಷಿದ ಮೂಗು ಒರೆಸಿಕೊಂಡ. "ಅಚ್ಚಿಗಿ ವಿಭೂತಿ ನೀರಾಗ ಕಲಸಿ ಹಚ್ಚೀರೇನು?"

"ಹೂಂ."

"ಯಾ ಅಲ್ಲಾ! ಜಂಗು-ತುಕ್ಕು ಹಿಡೀತದಲ್ಲ ಆಯಿ! ನಮ್ಮ ತಂಬಗಿಗಿ ಹಿಡಿಯಂಗಿಲ್ಲ, ಅಚ್ಚಿಗಿ ಹಿಡೀತದ. ನಡ್ರಿ, ನಡ್ರಿ, ಮೊದಲ ಎಣ್ಣಿ ಹಚ್ಚಬೇಕು."

ಬಾಗಿಲವರೆಗೆ ಹೋದವನು ಹೊಳ್ಳಿ ಬಂದು, ಅವಳ ಅಂಗೈಯೊಳಗಿನ ಬನ್ನಿ ಎತ್ತಿಕೊಂಡು ಜೇಬಿಗೆ ಹಾಕಿಕೊಂಡ.

ಫ್ಯಾಕ್ಟರಿ ಇನ್ನೂ ಹತ್ತು ವರ್ಷ ನಡೆಯಿತು. ಈಗ ಭೋಂಗಾ ಇಲ್ಲ, ಆಯಿಯೂ ಇಲ್ಲ. ಅಣ್ಣಾರಾಯ ನಿವೃತ್ತನಾಗಿ ಕರಜಗಿಯಲ್ಲಿದ್ದಾನೆ. ಅವ್ವನ ತಂಬಿಗೆಯಲ್ಲೇ ನೀರು ಕುಡಿಯುತ್ತಾನೆ. ದಸರೆಗೆ ಆಳಂದದಿಂದ ಖುರ್ಷಿದ ಬನ್ನಿ ತಂದು ಕೊಡುತ್ತಾನೆ. ಮೊದಲ ಎಲೆ ಮಾತ್ರ ಆಯಿಯ ಸಮಾಧಿ ಗದ್ದುಗೆಯ ಮೇಲೆ ಇಟ್ಟೇ ಬಂದಿರುತ್ತಾನೆ.