ಒಂದು ಗೇಣು ದೂರ

"ಸೈಜ್ ಎಷ್ಟ್ರೀ?"

ಭಾಗ್ಯ ತಲೆ ಎತ್ತದೆ ಕೇಳಿದಳು. ಕೌಂಟರಿನ ಮೇಲೆ ಬಿಚ್ಚಿ ಹರಡಿದ ಅಂಗಿಗಳ ರಾಶಿ. ಕೊರಳಲ್ಲಿ ಅಳತೆಯ ಟೇಪು. ಶನಿವಾರದ ಗಿರಾಕಿಗಳ ಗದ್ದಲದಲ್ಲಿ ಉತ್ತರ ಬರಲಿಲ್ಲ.

ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಸಿಂಧನೂರು ಕಡೆಯ ಗಂಡಸರಿಗೆ ಟ್ರ್ಯಾಕ್ಟರ್ ಟೈರಿನ ನಂಬರು ಬಾಯಿಪಾಠ. ಸ್ವಂತ ಅಂಗಿಯ ನಂಬರು ಕೇಳಿದರೆ ಮಾತ್ರ ಪಕ್ಕದಲ್ಲಿ ನಿಂತ ಹೆಂಡತಿಯ ಮುಖ ನೋಡುತ್ತಾರೆ!

"ಸೈಜ್ ರೀ, ಅಣ್ಣಾರ…" ಎನ್ನುತ್ತ ತಲೆ ಎತ್ತಿದಳು.

ಅಣ್ಣನಲ್ಲ. ಗಂಡ!

ಇನ್ನೆರಡು ದಿನದ ಮಟ್ಟಿಗೆ ಗಂಡ. ಇಬ್ಬರೂ ಒಪ್ಪಿ ಹಾಕಿದ ವಿಚ್ಛೇದನದ ಅರ್ಜಿಗೆ ಸೋಮವಾರ ಲಿಂಗಸುಗೂರು ಕೋರ್ಟಿನಲ್ಲಿ ಕೊನೆಯ ತಾರೀಖು. ಅಲ್ಲಿ ಇಬ್ಬರೂ 'ಹೌದು' ಅಂದುಬಿಟ್ಟರೆ ಮುಗಿಯಿತು.

ಬೀರಲಿಂಗನ ತುಟಿ ಅಲುಗಿತು. ಮಾತು ಹೊರಡಲಿಲ್ಲ. ಅವನ ಬೆನ್ನ ಹಿಂದೆ ನಿಂತಿದ್ದ ಅಕ್ಕ ಗಂಗಾದೇವಿಗೆ ಆ ತೊಂದರೆ ಇರಲಿಲ್ಲ.

"ಅಯ್ಯ! ಈಕಿ ಇಲ್ಲೇ ಅದಾಳಲ್ಲೋ! ಮಸ್ಕ್ಯಾಗ ತವರುಮನ್ಯಾಗ ಕುಂತಾಳ ಅಂತ ಮಾಡಿದ್ದೆ ನಾನು."

ಭಾಗ್ಯ ಅಂಗಿಗಳ ರಾಶಿಯನ್ನು ತನ್ನತ್ತ ಎಳೆದುಕೊಂಡಳು. ಈ ಊರಲ್ಲಿ ಗಂಡಸರ ಬಟ್ಟೆ ಅಂಗಡಿಗೇನು ಬರವೇ? ಹೆಜ್ಜೆಗೊಂದಿವೆ. ಇಲ್ಲಿಗೇ ಬರಬೇಕಿತ್ತೇ…?

ಹೊರಟುಹೋಗುತ್ತಾರೆ ಅಂದುಕೊಂಡಳು. ಗಂಗಾದೇವಿ ಸ್ಟೂಲು ಎಳೆದುಕೊಂಡು ಕೂತೇಬಿಟ್ಟಳು.

"ಇರ್ಲಿ ಬಿಡು. ಅಂಗಡಿ ಅಂದಮ್ಯಾಲ ಯಾರು ತೋರ್ಸಿದ್ರೇನು? ಚಲೋ ಅಂಗಿ ತೆಗಿಯವಾ. ಬರೋ ಗುರುವಾರ ತುರ್ವಿಹಾಳಕ್ಕ ಹೆಣ್ಣು ನೋಡಾಕ ಹೊಂಟೀವಿ ಇವಗ."

"ಅಕ್ಕಾ…!" ಬೀರಲಿಂಗ ಹಲ್ಲು ಕಚ್ಚಿದ.

"ಯಾಕ, ಸುಳ್ಳೇನು? ಮುಚ್ಚಿಡಾಕ ನಾವೇನು ಕದ್ದೀವೇನು?"

ಗಲ್ಲಾದಲ್ಲಿ ಕೂತಿದ್ದ ಮಾಲೀಕ ಸಮೀಉಲ್ಲಾ ಕನ್ನಡಕದ ಮೇಲಿಂದ ನೋಡಿದರು. "ಏನಾತು ಬೇಟಿ? ಯಾರವರು?"

"ಯಾರೂ ಅಲ್ರೀ ಚಾಚಾ. ಗಿರಾಕಿ."

ಗಿರಾಕಿ! ಆ ಮಾತು ಬೀರಲಿಂಗನಿಗೆ ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು. ತಾಗಲಿ ಎಂದೇ ಅವಳು ಅಂದಿದ್ದಳು.

ಎರಡು ವರ್ಷದ ಹಿಂದೆ ಲಿಂಗಸುಗೂರಿನಲ್ಲಿ ಇಬ್ಬರದೂ ಒಂದು ಪುಟ್ಟ ಬಾಡಿಗೆ ಮನೆ. ಅವನು ಗೂಡ್ಸ್ ಗಾಡಿ ಓಡಿಸುತ್ತಿದ್ದ. ಅವಳು ಅಲ್ಲಿನ ಒಂದು ರೆಡಿಮೇಡ್ ಅಂಗಡಿಗೆ ಸೇರಿದ್ದಳು. ಮೊದಲ ಪಗಾರ ಕೈಗೆ ಬಂದ ದಿನ ತನಗಾಗಿ ಒಂದು ಕರ್ಚೀಫನ್ನೂ ಕೊಳ್ಳದೆ ಅವನಿಗೊಂದು ತಿಳಿನೀಲಿ ಅಂಗಿ ತೆಗೆದಿಟ್ಟಿದ್ದಳು. ನಲವತ್ತೆರಡು ಸೈಜು. ಅವನ ಅಳತೆ ಅವನಿಗಿಂತ ಅವಳಿಗೇ ಗೊತ್ತಿತ್ತು.

ಆ ದಿನ ಸಂಜೆ ಅವಳನ್ನು ಕರೆದೊಯ್ಯಲು ಬಂದವನು, ಅವಳು ಗಿರಾಕಿಯೊಬ್ಬನ ಅಳತೆ ತೆಗೆಯುತ್ತಿದ್ದಾಗ, ಅಂಗಡಿಯ ಬಾಗಿಲಲ್ಲಿ ನಿಂತ. ಒಳಗೆ ಬಾರದೆ ಹಾಗೇ ತಿರುಗಿ ಹೋದ.

ಯಾಕೆಂದು ತಿಳಿದದ್ದು ಮನೆಗೆ ಬಂದ ಮೇಲೆ. ಅಕ್ಕ ಬಂದಿದ್ದಳು. ಅವನ ಇಬ್ಬರು ಡ್ರೈವರ್ ಗೆಳೆಯರೂ ಊಟಕ್ಕೆ ಕೂತಿದ್ದರು. ಭಾಗ್ಯ ಬಿಸಿ ರೊಟ್ಟಿ ತಂದು ಅವನ ತಾಟಿಗೆ ಹಾಕಿದಳು. ಅವನು ತಾಟನ್ನೇ ದೂರ ತಳ್ಳಿದ.

"ಊರ ಗಂಡಸರನ್ನ ತೆಕ್ಕಿ ಹಾಯೋ ಕೈ ಇವು. ಈ ಕೈಯಾಗಿಂದ ನನಗೊಂದ್ ತುತ್ತೂ ಬ್ಯಾಡ!"

ಗೆಳೆಯರು ತಲೆ ತಗ್ಗಿಸಿದರು. ಗಂಗಾದೇವಿ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಅಳತಿ ತಗೊಳ್ಳೂದು ನನ್ನ ಕೆಲಸ… ನಾ ಹಂಗ್ಯಾರನ್ನೂ ಮುಟ್ಟಂಗಿಲ್ಲ, ಕೇಳಿಲ್ಲಿ…" ಎಂದು ಅವಳು ಹೇಳುತ್ತಲೇ ಇದ್ದಳು. ಅವನು ಎದ್ದು ಹೊರಗೆ ನಡೆದುಬಿಟ್ಟ. ನೀಲಿ ಅಂಗಿ ಕವರಿನಲ್ಲೇ ಟ್ರಂಕಿನ ಮೇಲೆ ಉಳಿಯಿತು.

ಮರುದಿನ ಬೆಳಿಗ್ಗೆ ಅವಳು ಮಸ್ಕಿಯ ಬಸ್ಸು ಹತ್ತಿದಳು. ಆಮೇಲೆ ಹಿರಿಯರು ಬಂದರು, ಹೋದರು. 'ಕೆಲಸ ಬಿಟ್ಟರೆ ಬರಲಿ' ಎಂದು ಅವನು ಹೇಳಿ ಕಳಿಸಿದ. ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳೂ ಹಟಕ್ಕೆ ಬಿದ್ದು ಸಿಂಧನೂರಿನ ಈ ಅಂಗಡಿ ಸೇರಿದಳು. ಅದೇ ಟೇಪು, ಅದೇ ಕೆಲಸ.

ಈಗ ನೋಡಿದರೆ ಇನ್ನೊಬ್ಬಳನ್ನು ನೋಡಲು ಹೊರಟವನಿಗೆ ತಾನೇ ಅಂಗಿ ಆರಿಸಿ ಕೊಡಬೇಕು!

"ಸೈಜ್ ಗೊತ್ತಿಲ್ಲಂದ್ರ ಈ ಕಡಿ ಬರ್ರಿ. ಕೈ ಎತ್ರಿ."

ಮನೆಯಲ್ಲಿ 'ನೀ' ಎನ್ನುತ್ತಿದ್ದವಳ ಬಾಯಲ್ಲಿ ಈ 'ರೀ' ಕೇಳಿ ಬೀರಲಿಂಗ ಒಮ್ಮೆ ಕಣ್ಣು ಮುಚ್ಚಿ ತೆರೆದ. ಕೈ ಎತ್ತಿದ.

ಭಾಗ್ಯ ಅವನಿಂದ ಒಂದು ಗೇಣು ದೂರ ನಿಂತಳು. ಎಡಗೈಯಿಂದ ಟೇಪನ್ನು ಅವನ ಬೆನ್ನ ಹಿಂದೆ ಬೀಸಿದಳು, ಬಲಗೈಯಲ್ಲಿ ತುದಿ ಹಿಡಿದಳು, ಎರಡನ್ನೂ ಎದೆಯ ಮುಂದೆ ತಂದು ಸೇರಿಸಿದಳು. ಬೆರಳ ತುದಿ ಟೇಪಿಗಷ್ಟೇ ತಾಕಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನದಿಂದ ಅವಳು ಅಳೆಯುವುದು ಹೀಗೆಯೇ.

ಮೂವತ್ತೆಂಟು.

ತಪ್ಪಿರಬೇಕೆಂದು ಇನ್ನೊಮ್ಮೆ ನೋಡಿದಳು. ಮೂವತ್ತೆಂಟೇ!

ನಲವತ್ತೆರಡು ಇದ್ದವನು… ಏನು ತಿಂತಾನೆ ಇವನು? ಯಾರು ಮಾಡಿ ಹಾಕ್ತಾರೆ? ಮರುಕ್ಷಣವೇ ತನ್ನ ಮೇಲೆ ತನಗೇ ಸಿಟ್ಟು ಬಂತು. ತುತ್ತು ಬ್ಯಾಡ ಅಂದವನು ಇವನೇ ಅಲ್ಲವೇ? ಸೊರಗಲಿ!

ಅಷ್ಟರಲ್ಲಿ ಅವನು ತನ್ನನ್ನು ನೋಡುತ್ತಿಲ್ಲವೆಂದು ಅವಳಿಗೆ ಅರಿವಾಯಿತು. ಅವನ ಕಣ್ಣು ಅವಳ ತಲೆಯ ಮೇಲಿಂದ ಹಿಂದಿನ ಗೋಡೆಯ ದೊಡ್ಡ ಕನ್ನಡಿಯಲ್ಲಿ ನೆಟ್ಟಿತ್ತು. ಅವಳೂ ಕತ್ತು ಹೊರಳಿಸಿ ನೋಡಿದಳು.

ಕನ್ನಡಿಯಲ್ಲಿ ಅವಳ ಬೆನ್ನು ಕಾಣುತ್ತಿತ್ತು. ಎರಡು ತೋಳು ಅವನತ್ತ ಚಾಚಿದ್ದವು. ಅಲ್ಲಿಂದ ನೋಡಿದರೆ ಅವಳು ಅವನನ್ನು ತಬ್ಬಿಕೊಂಡ ಹಾಗೆಯೇ ಇತ್ತು!

ಬೀರಲಿಂಗ ಕನ್ನಡಿ ನೋಡಿದ. ತಲೆ ತಗ್ಗಿಸಿ ಇಬ್ಬರ ನಡುವಿನ ಆ ಖಾಲಿ ಗೇಣನ್ನು ನೋಡಿದ. ಮತ್ತೆ ಕನ್ನಡಿ ನೋಡಿದ. ಮುಖದ ಬಣ್ಣವೇ ಹೋಯಿತು.

"ಎಲ್ಲಾರ್ಗೂ… ಹಿಂಗ ಅಳೀತಿಯೇನು? ಇಷ್ಟು ದೂರ ನಿಂತು?" ಪಿಸುಗುಟ್ಟಿದ.

"ಹೂಂರೀ. ಎಲ್ಲಾ ಗಂಡಸರಿಗೂ ಹಿಂಗ." ಟೇಪು ಸುತ್ತಿಕೊಳ್ಳುತ್ತ ಅಂದಳು. "ನಿಮಗೂ ಹಿಂಗ."

ಅವನು ಏನೋ ಹೇಳಲು ಹೋದ. ಅವಳು ಕಾದಳು. ಉಸಿರು ಹಿಡಿದು ಕಾದಳು… 'ತಪ್ಪಾತು' ಎಂಬ ಒಂದು ಮಾತು. ಎರಡು ವರ್ಷದಿಂದ ಅವಳು ಬಯಸಿದ್ದು ಅದೊಂದನ್ನೇ.

"ಆತೇನು ಅಳತಿ? ಜಲ್ದಿ ಮಾಡ್ರಿ, ಊರು ಮುಟ್ಟಬೇಕು ನಾವು," ಎಂದಳು ಗಂಗಾದೇವಿ.

ಅವನು ಬಾಯಿ ಮುಚ್ಚಿಕೊಂಡ. ಅಕ್ಕ ಆರಿಸಿದ ಬಿಳಿ ಅಂಗಿಯ ಪಾಕೀಟು ಹಿಡಿದು, ತಲೆ ತಗ್ಗಿಸಿ ಮೆಟ್ಟಿಲಿಳಿದ. ತಿರುಗಿಯೂ ನೋಡಲಿಲ್ಲ.

ಭಾಗ್ಯ ಟ್ರಯಲ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಎರಡು ವರ್ಷದಲ್ಲಿ ಇದೇ ಮೊದಲು. ತಿಳಿಯದೆ ಅಂದಿದ್ದ ಎಂಬ ಒಂದು ಸಮಾಧಾನವಾದರೂ ಇತ್ತು ಇಲ್ಲಿಯತನಕ. ಈಗ ತಿಳಿಯಿತು. ತಿಳಿದೂ ಬಾಯಿ ಬಿಡಲಿಲ್ಲ! ಸೋಮವಾರ ಅವನಿಗಿಂತ ಮೊದಲು ತಾನೇ 'ಹೌದು' ಅನ್ನುತ್ತೇನೆ, ಗಟ್ಟಿಯಾಗಿ ಅನ್ನುತ್ತೇನೆ ಎಂದುಕೊಂಡಳು.

ಸೋಮವಾರ ಕೋರ್ಟಿನ ವರಾಂಡದ ಬೆಂಚಿನ ಮೇಲೆ ಭಾಗ್ಯ ಒಬ್ಬಳೇ ಕೂತಿದ್ದಳು. ಮಡಿಲಲ್ಲಿ ಬುತ್ತಿಯ ಡಬ್ಬಿ. ಜೋಳದ ರೊಟ್ಟಿ, ಪುಂಡಿಪಲ್ಯ. ಕೆಲಸ ಮುಗಿಸಿ ಇಲ್ಲಿಂದಲೇ ಅಂಗಡಿಗೆ ಹೋಗುವವಳಿದ್ದಳು.

ಗೇಟಿನಲ್ಲಿ ನೀಲಿ ಬಣ್ಣ ಕಂಡಿತು.

ತಿಳಿನೀಲಿ ಅಂಗಿ! ಎರಡು ವರ್ಷ ಮಡಿಕೆಯಲ್ಲೇ ಇದ್ದ ಗೆರೆಗಳು ಹಾಗೆಯೇ ಇದ್ದವು. ಭುಜ ಜಾರಿ, ಮೈಮೇಲೆ ಜೋತು ಬಿದ್ದಿತ್ತು. ಅವನ ಹಿಂದೆ ಅವತ್ತು ಊಟಕ್ಕೆ ಕೂತಿದ್ದ ಅದೇ ಇಬ್ಬರು ಗೆಳೆಯರು. ಅವರ ಹಿಂದೆ ಗೊಣಗುತ್ತ ಗಂಗಾದೇವಿ.

"ಹೊಸಾ ಅಂಗಿ ಮನ್ಯಾಗಿಟ್ಟು ಈ ದೊಗಳಿ ಅಂಗಿ ಯಾಕ ಹಾಕ್ಕೊಂಡ್ಯೋ? ಇವರನ್ನೆಲ್ಲಾ ಯಾಕ ಕರಕೊಂಡು ಬಂದಿ?"

ಬೀರಲಿಂಗ ನೇರ ಬಂದು ಭಾಗ್ಯಳ ಮುಂದೆ ನಿಂತ. ಎಲ್ಲರಿಗೂ ಕೇಳುವ ಹಾಗೆ ಅಂದ.

"ಅವತ್ತು ಇವರ ಮುಂದ ಅಂದಿದ್ದೆ. ಇವತ್ತು ಇವರ ಮುಂದನ ಹೇಳ್ತೀನಿ. ಹೊಲಸಿದ್ದದ್ದು ನನ್ನ ಕಣ್ಣು ಭಾಗ್ಯಾ. ನಿನ್ನ ಕೈ ಅಲ್ಲ."

ಗಂಗಾದೇವಿ ಬಾಯಿ ತೆರೆದಳು. ಅವನು ಕೈ ಅಡ್ಡ ಹಿಡಿದ.

"ಅವತ್ತು ಅಂಗಡಿ ಬಾಗಲಾಗ ನಿಂತು ನಿನ್ನ ಹಿಂದಿಂದ ನೋಡಿದ್ದೆ. ತೆಕ್ಕಿ ಹಾದಂಗ ಕಾಣ್ತು. ನಡುವ ಗೇಣು ಜಾಗ ಇರ್ತೈತಿ ಅಂತ ಮೊನ್ನಿ ಕನ್ನಡ್ಯಾಗ ನೋಡಿದ ಮ್ಯಾಲೆ ತಿಳೀತು."

ಭಾಗ್ಯಳ ಕಣ್ಣು ತುಂಬಿತು. ಆದರೆ ಅದು ಸಂತೋಷದ ನೀರಲ್ಲ. ಎರಡು ವರ್ಷದ ಸಿಟ್ಟು ಉಕ್ಕಿ ಬಂತು.

"ಕನ್ನಡಿ ಹೇಳಿದ್ರ ನಂಬಿದಿ. ನಾ ಹೇಳಿದ್ರ ನಂಬಲಿಲ್ಲ! ಅವತ್ತು ನಿನ್ನ ಬೆನ್ನು ಹತ್ತಿ ಹೇಳಾಕತ್ತಿದ್ದೆ, ನಿಂತು ಕೇಳಿದ್ಯೇನು?"

"ಇಲ್ಲ."

"ಎರಡು ವರ್ಷ! ಒಂದು ಫೋನ್ ಮಾಡಿದ್ಯೇನು?"

"ಇಲ್ಲ… ಗಾಡಿ ತಗೊಂಡು ವಾರಕ್ಕೊಮ್ಮಿ ನಿಮ್ಮ ಅಂಗಡಿ ಮುಂದ ಹಾದು ಹೋಗ್ತಿದ್ದೆ. ಮೊನ್ನಿ ಅಕ್ಕನ್ನ ಅಲ್ಲಿಗೆ ಕರಕೊಂಡು ಬಂದಾಂವನೂ ನಾನ. ಕೊನೀ ಸಲ ಸಮೀಪದಿಂದ ನೋಡಬೇಕಂತ…"

"ಹೆಣ್ಣು ನೋಡಾಕ ಹೊಂಟಾಂವ!"

"ಅದು ಅಕ್ಕನ ಮಾತು. ನಾ ಹೋಗಂಗಿಲ್ಲ ಅಂತ ಅವತ್ತ ಹೇಳೀನಿ."

"ಮತ್ತ ಅಳತಿ ತಗೊಂಡಾಗ ಯಾಕ ಬಾಯಿ ಬಿಡಲಿಲ್ಲ?"

"ಗಿರಾಕಿ ಅಂದಿ ನನ್ನ. ಅಲ್ಲಿ ನಿನ್ನ ಕಿವ್ಯಾಗ ತಪ್ಪಾತು ಅಂದಿದ್ರ ಯಾರಿಗೆ ಕೇಳ್ತಿತ್ತು? ಇವರ ಮುಂದ ನಿನ್ನ ಮರ್ಯಾದಿ ತೆಗೆದಿದ್ದೆ. ಇವರ ಮುಂದನ ಕೊಡಬೇಕಿತ್ತು."

ಭಾಗ್ಯಳ ಕೈ ತಾನಾಗಿ ಡಬ್ಬಿಯ ಮುಚ್ಚಳ ತೆಗೆಯಿತು. ಒಂದು ರೊಟ್ಟಿ ಮುರಿದಳು. ಪಲ್ಯ ಹಚ್ಚಿದಳು. ಚಾಚಲಿಲ್ಲ, ಹಾಗೇ ಹಿಡಿದು ಕೂತಳು.

"ನಿನ್ನೆ ಒಂದ ದಿನ ಹನ್ನೊಂದು ಗಂಡಸರ ಅಳತಿ ತಗೊಂಡೈತಿ ಈ ಕೈ. ನಡೀತೈತೇನು?"

"ನಡೀತೈತಿ."

"ನಾಳೆನೂ ತಗೋತೈತಿ. ನಾ ಕೆಲಸ ಬಿಡಂಗಿಲ್ಲ."

"ಬಿಡಬ್ಯಾಡ."

ಅವನು ನೆಲಕ್ಕೆ ಮೊಣಕಾಲೂರಿ, ಎಲ್ಲರ ಎದುರಿಗೆ ಬಾಯಿ ತೆರೆದ. ಅವಳು ತುತ್ತು ಇಟ್ಟಳು. ಅವನು ಅಗಿಯುತ್ತ ಅತ್ತ, ಅಳುತ್ತ ನುಂಗಿದ. ಗೆಳೆಯರು ಅವತ್ತಿನಂತೆಯೇ ತಲೆ ತಗ್ಗಿಸಿದರು. ಗಂಗಾದೇವಿ ಈ ಸಲ ನಗಲಿಲ್ಲ.

ಒಳಗಿನಿಂದ ಜವಾನ ಕೂಗಿದ. "ಭಾಗ್ಯ… ಬೀರಲಿಂಗ…!"

ಭಾಗ್ಯ ಡಬ್ಬಿ ಮುಚ್ಚಿ ಎದ್ದಳು. "ನಡಿ. ನಮಗ ವಿಚ್ಛೇದನ ಬ್ಯಾಡ ಅಂತ ಹೇಳಿ ಬರೂಣು. ಆದ್ರ ಇವತ್ತ ನಿನ್ನ ಮನಿಗೆ ಬರಂಗಿಲ್ಲ ನಾನು. ನನ್ನ ಸಿಟ್ಟು ಇನ್ನಾ ಹೋಗಿಲ್ಲ."

"ಇರ್ಲಿ. ನಾ ಮಸ್ಕಿಗೆ ಬರ್ತೀನಿ. ಸಿಟ್ಟು ಹೋಗೋ ಮಟ ಬರ್ತೀನಿ."

ಎರಡು ಹೆಜ್ಜೆ ನಡೆದವಳು ನಿಂತಳು. ಅವನ ಕಾಲರಿನ ಕೆಳಗೆ ಏನೋ ಹೊಳೆಯಿತು. ಪಾಕೀಟಿನ ಗುಂಡುಪಿನ್ನು! ಹತ್ತಿರ ಸರಿದು, ಕಾಲರ್ ಎತ್ತಿ ಮೆಲ್ಲಗೆ ಎಳೆದಳು. ಬೆರಳು ಅವನ ಕೊರಳಿಗೆ ತಾಕಿತು. ತಾಕಿದ್ದನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಚುಚ್ಚಲಿಲ್ಲೇನು?"

"ಮುಂಜಾನಿಯಿಂದ ಚುಚ್ಚಾಕತ್ತೈತಿ."

"ತೆಗೀಬೇಕಿಲ್ಲ?"

"ಯಾವಾಗ್ಲೂ ನೀನ ತೆಗೀತಿದ್ದಿ…"

ಅವಳು ಪಿನ್ನನ್ನು ತನ್ನ ಸೆರಗಿನ ಅಂಚಿಗೆ ಚುಚ್ಚಿಕೊಂಡಳು. ಅವನು ಸಡಿಲ ಅಂಗಿಯನ್ನು ಎರಡೂ ಕಡೆ ಹಿಡಿದು ತೋರಿಸಿದ.

"ಭಾಳ ದೊಡ್ಡದಾಗೈತಿ. ಬದಿಗೆ ಹೊಲಿಗಿ ಹಾಕಿ ಸಣ್ಣ ಮಾಡಿ ಕೊಡ್ತೀಯೇನು?"

"ಮಾಡಂಗಿಲ್ಲ," ಎಂದಳು ಭಾಗ್ಯ, ಕಣ್ಣೊರೆಸಿಕೊಳ್ಳುತ್ತ. "ನಲವತ್ತೆರಡು ಆಗೋ ಮಟ ಉಣ್ಣು."